ಆಷಾಢ, ಪಿತೃಪಕ್ಷ, ಧನುರ್ಮಾಸ ಮತ್ತು ನಮ್ಮ ಹೋಮ್ ಲೋನ್

ಬೆಂಗಳೂರಿನ ಫ್ಲ್ಯಾಟ್ ಮಾರಿ, ಸಾಲ ಎಲ್ಲ ತೀರಿಸಿ, ಮೈಸೂರಿನಲ್ಲಿ ಬಾಡಿಗೆ ಮನೆಗೆ ಹೋದೆವು ಅಂದರೆ ಜನ ಒಂದು ಥರ ನೋಡುತ್ತಾರೆ. ಸ್ವಂತ ಮನೆ ಬಿಟ್ಟು ಬಾಡಿಗೆಗೆ ಹೋಗುವವರು ಉಂಟಾ ಅಂತ. ಉಂಟು, ನಾವೇ ಹೋದೆವು. ಹೇಗೆ ಮಾಡಿದೆವು, ಯಾವ ಸಾಲವನ್ನು ಮೊದಲು ತೀರಿಸಿದೆವು, ಎಲ್ಲಿ ದುಡ್ಡು ಸೋರಿತು ಅಂತ ಬರೆಯುತ್ತೇನೆ. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಅಷ್ಟೇ.

2021ರ ಜನವರಿಯಲ್ಲಿ 58 ಲಕ್ಷಕ್ಕೆ ಹಳೆಯ ಫ್ಲ್ಯಾಟ್ ತಗೊಂಡೆವು. ಸ್ಟಾಂಪ್ ಡ್ಯೂಟಿ, ನೋಂದಣಿ ಸೇರಿ ಹತ್ತಿರ ಹತ್ತಿರ 62 ಲಕ್ಷ ಆಯಿತು. 40 ಲಕ್ಷ ಸಾಲ, 20 ವರ್ಷ, 6.9 ಪರ್ಸೆಂಟ್ ಬಡ್ಡಿ. ಇಎಂಐ 30,800. ಆಗ ಬಡ್ಡಿ ತುಂಬಾ ಕಡಿಮೆ ಇತ್ತು, ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕ್‌ಗಳಿಗೆ ಸಾಲ ಕೊಡುವ ದರ, 4 ಪರ್ಸೆಂಟ್. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಏರಿಸಲು ಶುರು ಮಾಡಿ 2023ರ ಫೆಬ್ರವರಿ ಹೊತ್ತಿಗೆ 6.5ಕ್ಕೆ ತಂದು ನಿಲ್ಲಿಸಿತು. ನಮ್ಮದು ರೆಪೋಗೆ ಕಟ್ಟಿದ ಸಾಲ, ಹಾಗಾಗಿ 6.9 ಇದ್ದದ್ದು 9.4 ಆಯಿತು.

ಇಎಂಐ ಮಾತ್ರ ಬದಲಾಗಲಿಲ್ಲ. ಅದೇ 30,800. ಅಬ್ಬಾ ಅಂದುಕೊಂಡು ಸ್ಟೇಟ್‌ಮೆಂಟ್ ತೆಗೆದರೆ, ಬಾಕಿ 38 ಲಕ್ಷ ಚಿಲ್ಲರೆಗೆ ತಿಂಗಳ ಬಡ್ಡಿಯೇ 29,800. ಅಸಲಿಗೆ ಹೋಗುತ್ತಿದ್ದದ್ದು ಬರೀ ಸಾವಿರ ರೂಪಾಯಿ. ಆ ಲೆಕ್ಕದಲ್ಲಿ ಸಾಲ ತೀರಲು ಇನ್ನೂ 35 ವರ್ಷಕ್ಕಿಂತ ಜಾಸ್ತಿ ಬೇಕು, ಅಂದರೆ ನನ್ನ ಮಗ ಕಟ್ಟಬೇಕು. ಬಡ್ಡಿ ಏರಿದಾಗ ಬ್ಯಾಂಕ್‌ಗಳು ಹೀಗೆ ಸುಮ್ನೆ ಅವಧಿ ಎಳೆಯುತ್ತವೆ. ಇಎಂಐ ಏರಿಸಬೇಕಾ, ಅವಧಿ ಎಳೆಯಬೇಕಾ ಅಂತ ಸಾಲಗಾರನನ್ನು ಕೇಳಲೇಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದ್ದು 2023ರ ಆಗಸ್ಟ್‌ನಲ್ಲಿ. ನಾವು ಅದಕ್ಕೆ ಮೊದಲೇ ಅರ್ಜಿ ಕೊಟ್ಟು ಇಎಂಐಯನ್ನು 36,600ಕ್ಕೆ ಏರಿಸಿಕೊಂಡೆವು. ಉಳಿದ 18 ವರ್ಷದಲ್ಲೇ ಮುಗಿಯಲಿ ಅಂತ.

ಇದರ ಜೊತೆಗೆ ಇನ್ನೆರಡು ಸಾಲ. 2022ರಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ಇನ್ಶೂರೆನ್ಸ್ ಕೊಟ್ಟದ್ದು ಸಾಲದೆ 6 ಲಕ್ಷ ಪರ್ಸನಲ್ ಲೋನ್ ತೆಗೆದೆವು, 14 ಪರ್ಸೆಂಟ್, 5 ವರ್ಷ, ಕಂತು 14 ಸಾವಿರ. ಆಮೇಲಿನ ಔಷಧಿ, ಟೆಸ್ಟು ಎಲ್ಲ ಕ್ರೆಡಿಟ್ ಕಾರ್ಡ್ ಮೇಲೆ ಬಿದ್ದು ಅಲ್ಲಿ 1.4 ಲಕ್ಷ ನಿಂತಿತ್ತು.

ಕಾರ್ಡಿನ ಲೆಕ್ಕ ಕೇಳಿ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದರೆ 4,900 ಬಡ್ಡಿ. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 880. ಒಟ್ಟು 5,780. ನಾವು ಕಟ್ಟುತ್ತಿದ್ದ ಮಿನಿಮಮ್ 7,000. ನಿಜವಾಗಿ ಕರಗುತ್ತಿದ್ದದ್ದು ತಿಂಗಳಿಗೆ 1,200 ರೂಪಾಯಿ. ದೊಡ್ಡ ಸಾಲ ನೋಡಿ ಎಲ್ಲರೂ ಹೆದರುತ್ತಾರೆ, ಆದರೆ ಕುತ್ತಿಗೆ ಹಿಡಿಯುವುದು ಈ ಚಿಕ್ಕ ಸಾಲ. ಮನೆ ಮಾರಿದಾಗ ಒಟ್ಟಿಗೇ ತೀರಿಸೋಣ ಅಂತ ಕಾಯುವುದರಲ್ಲಿ ಅರ್ಥವಿರಲಿಲ್ಲ. ನನ್ನ ಹೆಂಡತಿಯೇ ಒಡವೆ ಅಡ ಇಡೋಣ ಅಂದಳು. ಅತ್ತೆ ಕೊಟ್ಟ ಬಳೆಗಳು, ಅಮ್ಮನಿಗೆ ಹೇಳಲು ಸಂಕೋಚ, ಎಲ್ಲ ಇತ್ತು. ಆದರೆ ಬ್ಯಾಂಕಿನ ಗೋಲ್ಡ್ ಲೋನ್ 9 ಪರ್ಸೆಂಟ್. ಅದೇ 1.4 ಲಕ್ಷಕ್ಕೆ ತಿಂಗಳ ಬಡ್ಡಿ 1,050. ಕಾರ್ಡ್ ಪೂರ್ತಿ ತೀರಿಸಿದೆವು. ಕಾರ್ಡಿಗೆ ಹೋಗುತ್ತಿದ್ದ ಅದೇ 7,000ವನ್ನು ಪ್ರತಿ ತಿಂಗಳು ಗೋಲ್ಡ್ ಲೋನ್‌ಗೆ ಕಟ್ಟಿದೆವು. ನಡುವೆ ಒಂದು ಸಲ ರಿನ್ಯೂ ಮಾಡಿಸಿ, 2024ರ ದೀಪಾವಳಿ ಬೋನಸ್ ಸೇರಿಸಿ ಬಳೆ ಬಿಡಿಸಿಕೊಂಡೆವು. ಮನೆಯ ಬಜೆಟ್‌ನಲ್ಲಿ ಒಂದು ರೂಪಾಯಿ ಜಾಸ್ತಿ ತೆಗೆಯದೆ ಆದ ಕೆಲಸ ಇದು. ಕಾರ್ಡ್ ಕ್ಲೋಸ್ ಮಾಡದೆ ಒಡವೆ ಅಡ ಇಟ್ಟರೆ ಮಾತ್ರ ಎರಡೂ ಕಡೆ ಸಾಲ ಬೆಳೆಯುತ್ತದೆ, ಅದು ನೆನಪಿರಲಿ.

ಇನ್ನು ಫ್ಲ್ಯಾಟ್. ಇಟ್ಟುಕೊಂಡು ಬಾಡಿಗೆಗೆ ಕೊಡಿ, ಮಾರಬೇಡಿ ಅಂತ ಎಲ್ಲರ ಸಲಹೆ. ಬಾಡಿಗೆ 20 ಸಾವಿರ ಬರುತ್ತಿತ್ತು. ಮೇಂಟೆನೆನ್ಸ್ 3,500 ಕಳೆದರೆ 16,500. ಬಡ್ಡಿಯೇ 29 ಸಾವಿರದ ಹತ್ತಿರ. ಬೆಲೆ ಏರುತ್ತದಲ್ಲ ಅಂತೀರಾ? ಏರಿತು. 62 ಲಕ್ಷ ಹಾಕಿದ್ದು ನಾಲ್ಕು ವರ್ಷಕ್ಕೆ 74 ಲಕ್ಷ ಆಯಿತು, ಅಂದರೆ ವರ್ಷಕ್ಕೆ ನಾಲ್ಕೂವರೆ ಪರ್ಸೆಂಟ್. 9.4ಕ್ಕೆ ಸಾಲ ತಂದು ನಾಲ್ಕೂವರೆಗೆ ಬೆಳೆಸುವುದು ಯಾವ ವ್ಯಾಪಾರ? ಬೇರೆ ಬಡಾವಣೆಗಳಲ್ಲಿ ಜಾಸ್ತಿ ಏರಿರಬಹುದು, ಸೈಟ್ ಇದ್ದವರ ಕಥೆಯೇ ಬೇರೆ. ನಮ್ಮದು ಹಳೆಯ ಕಟ್ಟಡ, ಮೂರನೇ ಮಹಡಿ.

ಮೈಸೂರು ಯಾಕೆ ಅಂದರೆ ಅಲ್ಲಿ ಅಕ್ಕ ಇದ್ದಾಳೆ, ಅಪ್ಪನಿಗೆ ಒಬ್ಬರ ಕಣ್ಣು ಇರುತ್ತದೆ, ಸ್ಕೂಲ್ ಫೀಸ್ ಕಡಿಮೆ. ನನ್ನ ಆಫೀಸಿಗೆ ವಾರಕ್ಕೆ ಎರಡು ದಿನ ಹೋದರೆ ಸಾಕು, ಟ್ರೈನ್ ಇದೆ.

ಕಷ್ಟ ಇದ್ದದ್ದು ನಡುವಿನ ತಿಂಗಳುಗಳಲ್ಲಿ. ಸ್ಕೂಲ್ ಶುರುವಾಗುವ ಮೊದಲು, ಅಂದರೆ 2024ರ ಮೇ ತಿಂಗಳಲ್ಲೇ ಹೋಗಬೇಕಿತ್ತು. ಫ್ಲ್ಯಾಟ್ ಇನ್ನೂ ಮಾರಿರಲಿಲ್ಲ. ಹಾಗಾಗಿ ಹೋಮ್ ಲೋನ್ 36,600, ಪರ್ಸನಲ್ ಲೋನ್ 14,000, ಗೋಲ್ಡ್ ಲೋನ್ 7,000, ಮೈಸೂರಿನ ಬಾಡಿಗೆ 14,000, ಖಾಲಿ ಫ್ಲ್ಯಾಟಿನ ಮೇಂಟೆನೆನ್ಸ್ 3,500. ಊಟಕ್ಕೆ ಮೊದಲೇ 75 ಸಾವಿರ ಹೊರಗೆ. ನನ್ನ ಸಂಬಳ ಕೈಗೆ 92 ಸಾವಿರ. ಹೆಂಡತಿಗೆ ಅಲ್ಲಿನ ಸ್ಕೂಲಿನಲ್ಲಿ ಕೆಲಸ ಸಿಕ್ಕಿದ್ದು ಜೂನ್‌ನಲ್ಲಿ. ಇದು ಗೊತ್ತಿದ್ದೇ ಮೊದಲು 3 ಲಕ್ಷ ಪಕ್ಕಕ್ಕೆ ಇಟ್ಟುಕೊಂಡಿದ್ದೆವು. ಅದರಲ್ಲಿ ದೊಡ್ಡ ಪಾಲು ಅವಳ ಚೀಟಿ ಹಣ. ಶುರುವಿನಲ್ಲೇ ಕೂಗಿ ಎತ್ತದೆ ಕೊನೆಯವರೆಗೂ ಕಾದಿದ್ದರಿಂದ ಹೆಚ್ಚು ಕಡಿಮೆ ಪೂರ್ತಿ 2 ಲಕ್ಷ ಸಿಕ್ಕಿತು. ಮೈಸೂರಿನ ಮನೆಯ ಅಡ್ವಾನ್ಸ್ 1 ಲಕ್ಷ ಅದರಲ್ಲೇ ಹೋಯಿತು.

ಸಾಮಾನು ಸಾಗಿಸಲು ಪ್ಯಾಕರ್ಸ್‌ನವರು ಹೇಳಿದ ರೇಟು ಕೇಳಿ, ಮೈಸೂರು ಕಡೆಯಿಂದ ತರಕಾರಿ ತಂದು ಖಾಲಿ ವಾಪಸ್ ಹೋಗುವ ಕ್ಯಾಂಟರ್ ಒಂದನ್ನು ಹಿಡಿದೆವು. 11 ಸಾವಿರದಲ್ಲಿ ಮುಗಿಯಿತು. ಸೋಫಾ, ಡೈನಿಂಗ್ ಟೇಬಲ್ ಅಲ್ಲೇ ಪಕ್ಕದ ಬ್ಲಾಕಿನವರಿಗೆ ಮಾರಿದೆವು. ಹೊಸ ಮನೆಗೆ ಅಂತ ಏನೂ ಕೊಳ್ಳಲಿಲ್ಲ. ಹಾಲು ಉಕ್ಕಿಸಿದ್ದು ಹಳೆಯ ಸ್ಟೋವ್ ಮೇಲೆಯೇ. ಮನೆ ಬದಲಿಸುವಾಗ ಹೇಗೂ ಖರ್ಚಾಗುತ್ತಿದೆ ಅಂತ ಪರದೆ, ಮಿಕ್ಸಿ, ಟಿವಿ ಸ್ಟ್ಯಾಂಡ್ ಅಂತ ಕೈ ಬಿಚ್ಚಿದರೆ ಮತ್ತೆ ಕಾರ್ಡೇ ಗತಿ.

ಮೇ ಕೊನೆಗೆ ಫ್ಲ್ಯಾಟ್ ಮಾರಾಟಕ್ಕೆ ಹಾಕಿದೆವು. ಜೂನ್‌ನಲ್ಲಿ ನಾಲ್ಕಾರು ಜನ ನೋಡಿದರು. ಜುಲೈ ಮೊದಲ ವಾರ ಆಷಾಢ ಬಂತು, ಫೋನ್ ಸುಮ್ಮನಾಯಿತು. ಶ್ರಾವಣದಲ್ಲಿ ಮತ್ತೆ ಜನ ಬಂದರು, ಒಬ್ಬರ ಜೊತೆ ಮಾತು ಮುಂದೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಪಿತೃಪಕ್ಷ. ಮುಗಿಯಲಿ ಸಾರ್ ಅಂದರು. ನವರಾತ್ರಿಯಲ್ಲಿ 74 ಲಕ್ಷಕ್ಕೆ ಅಗ್ರಿಮೆಂಟ್ ಆಯಿತು, 7 ಲಕ್ಷ ಮುಂಗಡ. ನೋಂದಣಿಯೂ ಬೇಗ ಆಗುತ್ತದೆ ಅಂದುಕೊಂಡರೆ, ಅದೇ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಪಾಲಿಕೆಯ ಡಿಜಿಟಲ್ ದಾಖಲೆ, ಕಡ್ಡಾಯ. ಆಧಾರ್, ಕ್ರಯಪತ್ರ, ಇಸಿ (ಋಣಭಾರ ಪತ್ರ), ಆಸ್ತಿ ತೆರಿಗೆ ರಸೀದಿ, ಬೆಸ್ಕಾಂ ಬಿಲ್ಲು ಎಲ್ಲ ಹಾಕಿ ಕಾದೆವು. ಕ್ರಯಪತ್ರದಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅದಕ್ಕೊಂದು ಸುತ್ತು. ಅಂತಿಮ ಖಾತಾ ಕೈಗೆ ಬರುವಾಗ ಡಿಸೆಂಬರ್ ಅರ್ಧ ಕಳೆದು ಧನುರ್ಮಾಸ ಶುರು. ಸಂಕ್ರಾಂತಿ ಆಗಲಿ ಅಂದರು ಕೊಳ್ಳುವವರ ತಾಯಿ. ನಾನು ದೇವರು ದಿಂಡರು ಬೇಡ ಅನ್ನುವವನಲ್ಲ, ನಮ್ಮ ಮನೆಯಲ್ಲೂ ಇದೆಲ್ಲ ನೋಡುತ್ತೇವೆ. ಆದರೆ ಪ್ರತಿ ಅಶುಭ ಮಾಸಕ್ಕೂ ನಾನು 28 ಸಾವಿರದ ಮೇಲೆ ಬಡ್ಡಿ ಕಟ್ಟಿದ್ದೇನೆ. ನೀವು ಮನೆ ಮಾರುವವರಾದರೆ ಪಂಚಾಂಗ ನೋಡಿ ನಿಮ್ಮ ಕೈಯಲ್ಲಿ ಎಷ್ಟು ತಿಂಗಳ ಇಎಂಐ ಇರಬೇಕು ಅಂತ ಲೆಕ್ಕ ಹಾಕಿ.

ಮುಂಗಡದ 7 ಲಕ್ಷ ಖಾತೆಯಲ್ಲಿ ಕುಳಿತಿದ್ದರೂ ಕೂಡಲೇ ಮುಟ್ಟಲಿಲ್ಲ. ಅವರಿಗೆ ಬ್ಯಾಂಕ್ ಸಾಲ ಸಿಗದಿದ್ದರೆ ವಾಪಸ್ ಕೊಡಬೇಕು ಅಂತ ಅಗ್ರಿಮೆಂಟ್‌ನಲ್ಲೇ ಇತ್ತು. ನವೆಂಬರ್‌ನಲ್ಲಿ ಅವರ ಸ್ಯಾಂಕ್ಷನ್ ಲೆಟರ್ ಕಣ್ಣಾರೆ ನೋಡಿದ ಮೇಲೆ ಪರ್ಸನಲ್ ಲೋನ್ ತೀರಿಸಿದೆ. ಬಾಕಿ 3.7 ಲಕ್ಷ. ಅವಧಿಗೆ ಮುಂಚೆ ಮುಚ್ಚಿದ್ದಕ್ಕೆ 4 ಪರ್ಸೆಂಟ್ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಒಟ್ಟು 17,500. ಹೊಟ್ಟೆ ಉರಿಯುತ್ತದೆ ನಿಜ. ಆದರೆ ಕೊನೆವರೆಗೂ ಕಟ್ಟಿದ್ದರೆ ಬಡ್ಡಿ ಇನ್ನೂ 75 ಸಾವಿರ ಹೋಗುತ್ತಿತ್ತು. ಹೋಮ್ ಲೋನ್‌ಗೆ ಈ ಶುಲ್ಕ ಇಲ್ಲ. ವ್ಯಕ್ತಿಗಳು ತೆಗೆದ ಫ್ಲೋಟಿಂಗ್ ಬಡ್ಡಿಯ ಗೃಹಸಾಲಕ್ಕೆ ಬ್ಯಾಂಕ್ ಪ್ರೀಪೇಮೆಂಟ್ ಚಾರ್ಜ್ ಹಾಕುವ ಹಾಗಿಲ್ಲ. ಯಾರಾದರೂ ಕೇಳಿದರೆ ಬರವಣಿಗೆಯಲ್ಲಿ ಕೊಡಿ ಅನ್ನಿ.

ಸಾಲ ಇರುವ ಮನೆ ಮಾರುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ, ಪತ್ರಗಳೆಲ್ಲ ಬ್ಯಾಂಕಿನಲ್ಲಿರುತ್ತವಲ್ಲ. ನಮ್ಮ ಬ್ಯಾಂಕಿನಿಂದ ಎರಡು ಕಾಗದ ತೆಗೆದುಕೊಂಡೆ. ಯಾವ ಯಾವ ಮೂಲ ಪತ್ರ ಅವರ ಬಳಿ ಇದೆ ಅನ್ನುವ ಪಟ್ಟಿ ಒಂದು. ಇಂಥ ತಾರೀಕಿಗೆ ಇಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ, ತಡವಾದರೆ ದಿನಕ್ಕೆ ಇಷ್ಟು ಬಡ್ಡಿ ಅನ್ನುವ ಫೋರ್‌ಕ್ಲೋಷರ್ ಲೆಟರ್ ಇನ್ನೊಂದು. ಕೊಳ್ಳುವವರ ಬ್ಯಾಂಕ್ 36.4 ಲಕ್ಷದ ಡಿಡಿಯನ್ನು ನೇರ ನಮ್ಮ ಸಾಲದ ಖಾತೆ ನಂಬರಿಗೇ ಬರೆದು ಕೊಟ್ಟಿತು, ಉಳಿದದ್ದನ್ನು ನನ್ನ ಹೆಸರಿಗೆ. 2025ರ ಜನವರಿ ಕೊನೆಗೆ ನೋಂದಣಿ ಆಯಿತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡದಿದ್ದರೆ, ತಪ್ಪು ಬ್ಯಾಂಕಿನದ್ದಾದರೆ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಡಿಸೆಂಬರ್‌ನಿಂದ ನಿಯಮ ಇದೆ. ಅದನ್ನು ನಯವಾಗಿ ನೆನಪಿಸಿದೆ. ಪತ್ರಗಳು ಬೇಗ ಬಂದವು.

ಟ್ಯಾಕ್ಸ್ ವಿಷಯಕ್ಕೆ ಆಡಿಟರ್‌ಗೆ ಕೊಟ್ಟ ಫೀಸು ಈ ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. 74 ಲಕ್ಷದಲ್ಲಿ 62 ಕಳೆದರೆ 12 ಲಕ್ಷ ಲಾಭ, ಹೊಸ ದರ 12.5 ಪರ್ಸೆಂಟ್ ಅಂದರೆ ಒಂದೂವರೆ ಲಕ್ಷ ತೆರಿಗೆ. ಆದರೆ 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಗೆ, ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ನೋಡುವ ಹಳೆಯ ಲೆಕ್ಕವನ್ನೂ ಆರಿಸಿಕೊಳ್ಳಬಹುದು. ಹಣದುಬ್ಬರದ ಸೂಚ್ಯಂಕ ನಾವು ಕೊಂಡ ವರ್ಷ 301, ಮಾರಿದ ವರ್ಷ 363. ಅದರಂತೆ ನಮ್ಮ 62 ಲಕ್ಷದ ಬೆಲೆ 74 ಲಕ್ಷವನ್ನೂ ದಾಟಿತು. ತೆರಿಗೆ ಸೊನ್ನೆ. ಇನ್ನೊಂದು ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ. ಮನೆ ಸ್ವಾಧೀನಕ್ಕೆ ಬಂದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಮಾರಿದರೆ, ಅಸಲು ಮತ್ತು ಸ್ಟಾಂಪ್ ಡ್ಯೂಟಿಗೆ ಅಂತ ಆದಾಯ ತೆರಿಗೆಯ 80ಸಿ ಕಲಂನಲ್ಲಿ ಪಡೆದ ವಿನಾಯಿತಿ ಎಲ್ಲ ಮಾರಿದ ವರ್ಷದ ಆದಾಯಕ್ಕೆ ಸೇರುತ್ತದೆ. ನನ್ನ 80ಸಿ ಬಹುಪಾಲು ಪಿಎಫ್‌ನಲ್ಲೇ ತುಂಬುತ್ತಿತ್ತು, ಹಾಗಾಗಿ ಹೊರೆ ಕಡಿಮೆ. ಅದಕ್ಕೆ ಹೆದರಿ 2026ರ ಏಪ್ರಿಲ್‌ವರೆಗೆ ಕಾದಿದ್ದರೆ ಬಡ್ಡಿಯೇ 4 ಲಕ್ಷ ಆಗುತ್ತಿತ್ತು.

ಮಾರಿದ ಮರು ತಿಂಗಳೇ ರೆಪೋ ಇಳಿಯಿತು, 2025ರ ಜೂನ್‌ಗೆ 5.5 ಆಯಿತು. ಸ್ವಲ್ಪ ಕಾಯಬೇಕಿತ್ತು ಅಂತ ಭಾವ ಈಗಲೂ ಹೇಳುತ್ತಾರೆ. 8.4 ಪರ್ಸೆಂಟ್‌ಗೂ 36 ಲಕ್ಷಕ್ಕೆ ತಿಂಗಳ ಬಡ್ಡಿ 25 ಸಾವಿರ ಭಾವ, ಅಂತ ನಾನೂ ಹೇಳುತ್ತೇನೆ.

ಮೊದಲೇ ಬಂದಿದ್ದ ಮುಂಗಡ ಬಿಟ್ಟು, ಬ್ರೋಕರ್‌ಗೆ ಒಂದು ಪರ್ಸೆಂಟ್ ಕೊಟ್ಟ ಮೇಲೆ 29 ಲಕ್ಷ ಉಳಿಯಿತು. ಆರು ತಿಂಗಳ ಖರ್ಚನ್ನು ಬೇರೆ ಎಫ್‌ಡಿಯಲ್ಲಿ ಇಟ್ಟು, ಅಪ್ಪನ ಹೆಸರಲ್ಲಿ ಆಸ್ಪತ್ರೆಗೆ ಅಂತಲೇ ಇನ್ನೊಂದು ಇಟ್ಟೆವು. ಉಳಿದದ್ದರಲ್ಲಿ ಸೈಟ್ ತಗೋ ಅಂತ ಒತ್ತಾಯ ನಡೆದೇ ಇದೆ, ಸದ್ಯಕ್ಕೆ ಇಲ್ಲ ಅಂದಿದ್ದೇವೆ. 50 ಲಕ್ಷ ಮುಟ್ಟಿದ ಆಸ್ತಿಗೆ ಕೊಳ್ಳುವವರು ಒಂದು ಪರ್ಸೆಂಟ್ ತೆರಿಗೆಯನ್ನು (ಟಿಡಿಎಸ್) ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಹಾಗಾಗಿ ನಮ್ಮ 74,000 ಸರ್ಕಾರದ ಬಳಿ ಇತ್ತು. ರಿಟರ್ನ್ಸ್ ಹಾಕಿದ ಮೇಲೆ, 80ಸಿ ವಾಪಸಾತಿಯ ತೆರಿಗೆ ಕಳೆದು ಬಾಕಿ ಮರಳಿ ಬಂತು. ಅದರಲ್ಲಿ ಮಗನ ಆ ವರ್ಷದ ಎರಡನೇ ಕಂತಿನ ಫೀಸ್ ಕಟ್ಟಿದೆವು.