ಕಪ್ಪು ಪರದೆಯಿಂದ ಡೆಸ್ಕ್‌ಟಾಪ್‌ವರೆಗೆ: ಹಳೇ ಲ್ಯಾಪ್‌ಟಾಪ್‌ಗೆ ಕೈಯಾರೆ ಆರ್ಚ್ ಲಿನಕ್ಸ್

ವಿಂಡೋಸ್ 10ಕ್ಕೆ ಇದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದಕ್ಕೆ ಹೋಗೋಣ ಅಂದರೆ ಹಳೇ ಲ್ಯಾಪ್‌ಟಾಪ್‌ಗಳನ್ನು ಅದು ಒಪ್ಪುವುದಿಲ್ಲ. ಮನೆಯಲ್ಲಿ ಅಂಥದ್ದೊಂದು ಧೂಳು ಹಿಡಿದು ಕೂತಿದ್ದರೆ ಗುಜರಿಗೆ ಹಾಕಬೇಡಿ. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಇದ್ದರೆ ಸಾಕು. ವಿಂಡೋಸ್ ಜಾಗಕ್ಕೆ ಆರ್ಚ್ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಇನ್ನಷ್ಟು ವರ್ಷ ಓಡಿಸಬಹುದು.

2002ರಲ್ಲಿ ಶುರುವಾದ ಆರ್ಚ್‌ನಲ್ಲಿ 'ನೆಕ್ಸ್ಟ್, ನೆಕ್ಸ್ಟ್' ಒತ್ತುತ್ತಾ ಹೋಗುವ ವ್ಯವಸ್ಥೆ ಇಲ್ಲ. ಕಪ್ಪು ಪರದೆ ಬರುತ್ತದೆ, ಬೇಕಾದ್ದನ್ನು ನಾವೇ ಟೈಪ್ ಮಾಡಿ ಹಾಕಿಕೊಳ್ಳಬೇಕು. 'ಆರ್ಚ್‌ಇನ್‌ಸ್ಟಾಲ್' ಎಂಬ ಸುಲಭದ ದಾರಿ 2021ರಿಂದ ಅದರೊಳಗೇ ಇದೆ, ನಿಜ. ಆದರೂ ಮೊದಲ ಸಲ ಕೈಯಾರೆ ಮಾಡಿ. ಮುಂದೆ ಏನಾದರೂ ಕೆಟ್ಟರೆ ಎಲ್ಲಿ ಕೈಹಾಕಬೇಕು ಎಂದು ಗೊತ್ತಿರುತ್ತದೆ. ಇಡೀ ಕೆಲಸದಲ್ಲಿ ಹೆದರಬೇಕಾದ ಜಾಗ ಒಂದೇ, ಡಿಸ್ಕ್. ಉಳಿದದ್ದು ತಪ್ಪಿದರೆ ಮತ್ತೆ ಟೈಪ್ ಮಾಡಿದರಾಯಿತು.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ. ನೀವು ಇಂಗ್ಲಿಷ್‌ನಲ್ಲೇ ಹೊಡೆಯಬೇಕು, ಹೆಚ್ಚಿನವು ಸಣ್ಣಕ್ಷರ. ಆರ್ಚ್ ವಿಕಿಯ ಇನ್‌ಸ್ಟಾಲೇಷನ್ ಗೈಡ್ ಪುಟವನ್ನು ಫೋನ್‌ನಲ್ಲಿ ತೆರೆದಿಟ್ಟುಕೊಂಡರೆ ಸ್ಪೆಲ್ಲಿಂಗ್, ಚುಕ್ಕೆ, ಗೆರೆ ಎಲ್ಲ ಅಲ್ಲೇ ಸಿಗುತ್ತವೆ.

ಮೊದಲು ಎಸ್.ಪಿ. ರೋಡ್

ಹಳೇ ಹಾರ್ಡ್‌ಡಿಸ್ಕ್ ಮೇಲೆಯೇ ಪ್ರಯೋಗ ಬೇಡ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಒಂದು 240 ಅಥವಾ 256 ಜಿಬಿ ಎಸ್‌ಎಸ್‌ಡಿ ತನ್ನಿ. ಜೊತೆಗೆ ಹಳೇ ಡಿಸ್ಕಿಗೊಂದು ಯುಎಸ್‌ಬಿ ಕೇಸಿಂಗ್. ಹಳೆಯದನ್ನು ಬಿಚ್ಚಿ ಕೇಸಿಂಗ್‌ಗೆ ಹಾಕಿ ಬೀರುವಿನಲ್ಲಿಡಿ. ಮದುವೆ ಫೋಟೊ, ಮಕ್ಕಳ ಪ್ರಾಜೆಕ್ಟ್ ಎಲ್ಲ ಅದರಲ್ಲೇ ಇರುತ್ತದೆ ಅಲ್ವಾ? ಲ್ಯಾಪ್‌ಟಾಪ್‌ನಲ್ಲಿ ಹೊಸ ಡಿಸ್ಕ್ ಮಾತ್ರ ಇದ್ದರೆ ಅಳಿಸಿಹೋಗಲು ಏನೂ ಉಳಿದಿರುವುದಿಲ್ಲ. ಎಷ್ಟೇ ಎಚ್ಚರಿಕೆಯಿಂದ ಟೈಪ್ ಮಾಡಿದರೂ ಇಷ್ಟು ಧೈರ್ಯ ಬರುವುದಿಲ್ಲ.

ಇನ್ನೊಂದು ಕಂಪ್ಯೂಟರಿನಲ್ಲಿ ಆರ್ಚ್‌ನ ಐಎಸ್‌ಒ ಫೈಲ್ (ಪೆನ್‌ಡ್ರೈವ್‌ನಿಂದ ಬೂಟ್ ಆಗುವ ಸಿಸ್ಟಮ್ಮಿನ ಪ್ರತಿ) ಇಳಿಸಿಕೊಳ್ಳಿ, ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ ಇದೆ. ರುಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್ ಪೂರ್ತಿ ಖಾಲಿಯಾಗುತ್ತದೆ, ನೆನಪಿರಲಿ. ಲ್ಯಾಪ್‌ಟಾಪ್‌ನ ಬಯಾಸ್‌ಗೆ (ಆನ್ ಮಾಡಿದ ಕೂಡಲೇ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಿಸ್ಟಮ್ ತಡೆಯುವ ಕಾವಲು) ಆಫ್ ಮಾಡಿ, ಬೂಟ್ ಮೋಡ್ ಯುಇಎಫ್‌ಐ (ಹೊಸ ಬಗೆಯ ಬೂಟ್ ವಿಧಾನ) ಇರಲಿ. ಬೂಟ್ ಮೆನುಗೆ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಅಲ್ಲಿ ಪೆನ್‌ಡ್ರೈವ್ ಆರಿಸಿ. ಯುಇಎಫ್‌ಐ ಆಯ್ಕೆಯೇ ಇಲ್ಲದಷ್ಟು ಹಳೇ ಯಂತ್ರಕ್ಕೆ ಪಾರ್ಟಿಷನ್ (ಡಿಸ್ಕಿನ ಭಾಗ) ಮತ್ತು ಗ್ರಬ್ (ಸಿಸ್ಟಮ್ ಎಬ್ಬಿಸುವ ಬೂಟ್‌ಲೋಡರ್) ಹಾಕುವ ರೀತಿ ಬೇರೆ. ಈ ಲೇಖನ ಅದಕ್ಕಲ್ಲ.

ಇಂಟರ್ನೆಟ್ಟಿಗೆ ಫೋನ್ ಸಾಕು

ಬೂಟ್ ಆದಮೇಲೆ ನೆಟ್ ಬೇಕೇ ಬೇಕು, ಪ್ಯಾಕೇಜುಗಳೆಲ್ಲ ಅಲ್ಲಿಂದಲೇ ಇಳಿಯುತ್ತವೆ. ವೈಫೈಗೆ 'ಐಡಬ್ಲ್ಯುಸಿಟಿಎಲ್' ಇದೆ. ಅದಕ್ಕಿಂತ ಸುಲಭ ಅಂದರೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡುವುದು. ಪಾಸ್‌ವರ್ಡ್ ಗೋಜಿಲ್ಲ, ಡ್ರೈವರ್ ಜಗಳವಿಲ್ಲ. 'ಪಿಂಗ್' ಮುಂದೆ ಯಾವುದಾದರೂ ತಾಣದ ಹೆಸರು ಹೊಡೆದು ಉತ್ತರ ಬಂತಾ ನೋಡಿ. ಐಎಸ್‌ಒ ಸೇರಿ ಮೂರ್ನಾಲ್ಕು ಜಿಬಿ ಡೇಟಾ ಕೈಯಲ್ಲಿರಲಿ.

ಡಿಸ್ಕ್: ಇಲ್ಲಿ ನಿಧಾನ

'ಎಲ್‌ಎಸ್‌ಬಿಎಲ್‌ಕೆ' ಎಂದು ಹೊಡೆಯಿರಿ. ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಹೆಸರು ನಂಬಬೇಡಿ, ಗಾತ್ರ ನೋಡಿ. ಒಮ್ಮೊಮ್ಮೆ ಪೆನ್‌ಡ್ರೈವ್‌ಗೇ 'ಎಸ್‌ಡಿಎ' ಎಂಬ ಹೆಸರು ಬಿದ್ದು, ನಿಮ್ಮ ಎಸ್‌ಎಸ್‌ಡಿ 'ಎಸ್‌ಡಿಬಿ' ಆಗಿರುತ್ತದೆ. 240 ಜಿಬಿ ಅಂತ ತಂದ ಡಿಸ್ಕ್ ಇಲ್ಲಿ 223.6 ಎಂದು ಕಾಣುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಈ ಕಮಾಂಡ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. 16 ಜಿಬಿ ಪೆನ್‌ಡ್ರೈವ್ 15ರ ಒಳಗೆ ಕಾಣುವುದೂ ಅದಕ್ಕೇ. ಇನ್ನು ಮುಂದೆ ನಾನು ಎಸ್‌ಡಿಎ ಅಂದಲ್ಲೆಲ್ಲ ನಿಮ್ಮ ಎಸ್‌ಎಸ್‌ಡಿಗೆ ಬಂದ ಹೆಸರು ಹಾಕಿಕೊಳ್ಳಿ.

'ಸಿಎಫ್‌ಡಿಸ್ಕ್' ಮುಂದೆ ಜಾಗ ಬಿಟ್ಟು, ಡೆವ್ ಸೇರಿಸಿ ಡಿಸ್ಕಿನ ಹೆಸರು ಕೊಡಿ. ಹೊಸ ಡಿಸ್ಕಾದರೆ ಯಾವ ಬಗೆಯ ಪಟ್ಟಿ ಬೇಕೆಂದು ಕೇಳುತ್ತದೆ, 'ಜಿಪಿಟಿ' ಆರಿಸಿ. ಮೂರು ಪಾರ್ಟಿಷನ್ ಮಾಡಿ. ಮೊದಲನೆಯದು 1 ಜಿಬಿ, ಅದರ ಟೈಪ್ ಇಎಫ್‌ಐ ಸಿಸ್ಟಮ್, ಬೂಟ್ ಫೈಲುಗಳ ಜಾಗ. ಎರಡನೆಯದು 4 ಜಿಬಿ, ಟೈಪ್ ಲಿನಕ್ಸ್ ಸ್ವಾಪ್, ಅಂದರೆ ರ‍್ಯಾಮ್ ತುಂಬಿದಾಗ ಬಳಸುವ ಡಿಸ್ಕ್ ಜಾಗ. ಉಳಿದದ್ದೆಲ್ಲ ಮೂರನೆಯದಕ್ಕೆ. 4 ಜಿಬಿ ರ‍್ಯಾಮ್‌ನಲ್ಲಿ ಬ್ರೌಸರ್ ಹತ್ತಾರು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ, ಸ್ವಾಪ್ ಬಿಡಬೇಡಿ. ಕೊನೆಗೆ 'ರೈಟ್' ಆರಿಸಿದಾಗ 'ಯೆಸ್' ಎಂದು ಪೂರ್ತಿ ಮೂರಕ್ಷರ ಟೈಪ್ ಮಾಡಿಸಿಕೊಳ್ಳುತ್ತದೆ. ಅಲ್ಲಿವರೆಗೂ ಡಿಸ್ಕ್ ಮೇಲೆ ಏನೂ ಬದಲಾಗಿರುವುದಿಲ್ಲ. ಅನುಮಾನ ಬಂದರೆ ಸುಮ್ನೆ ಹೊರಗೆ ಬನ್ನಿ.

ಪಾರ್ಟಿಷನ್ ಮಾಡಿದ್ದು ಸೈಟಿಗೆ ಕಲ್ಲು ನೆಟ್ಟ ಹಾಗೆ, ಅಷ್ಟಕ್ಕೇ ಒಳಗೆ ಏನೂ ಇಡಲಾಗುವುದಿಲ್ಲ. ಫಾರ್ಮ್ಯಾಟ್ ಮಾಡಬೇಕು. ಮೊದಲನೆಯದಕ್ಕೆ 'ಎಂಕೆಎಫ್‌ಎಸ್ ಡಾಟ್ ಫ್ಯಾಟ್', ಜೊತೆಗೆ ದೊಡ್ಡ ಎಫ್ ಮತ್ತು 32. ಎರಡನೆಯದಕ್ಕೆ 'ಎಂಕೆಸ್ವಾಪ್', ಆಮೇಲೆ 'ಸ್ವಾಪ್‌ಆನ್'. ಮೂರನೆಯದಕ್ಕೆ 'ಎಂಕೆಎಫ್‌ಎಸ್ ಡಾಟ್ ಇಎಕ್ಸ್‌ಟಿ4'.

ಈಗ ಮೌಂಟ್, ಅಂದರೆ ಪಾರ್ಟಿಷನ್ನನ್ನು ಒಂದು ಫೋಲ್ಡರಿಗೆ ಜೋಡಿಸುವುದು. ಮೊದಲು ಮೂರನೇ ಪಾರ್ಟಿಷನ್ನನ್ನು 'ಎಂಎನ್‌ಟಿ'ಗೆ, ಆಮೇಲೆ ಮೊದಲನೆಯದನ್ನು 'ಎಂಎನ್‌ಟಿ'ಯೊಳಗಿನ 'ಬೂಟ್' ಫೋಲ್ಡರಿಗೆ. ಈ ಕ್ರಮ ತಿರುವುಮುರುವು ಮಾಡಿದರೆ ಬೂಟ್ ಫೋಲ್ಡರ್ ಕೆಳಗೆ ಮುಚ್ಚಿಹೋಗುತ್ತದೆ. ಮತ್ತೊಮ್ಮೆ ಎಲ್‌ಎಸ್‌ಬಿಎಲ್‌ಕೆ ಹೊಡೆದು ಎರಡೂ ಸರಿಯಾದ ಜಾಗದಲ್ಲಿವೆಯೇ ನೋಡಿ.

ಸಾಮಾನು ಇಳಿಸುವುದು

'ಪ್ಯಾಕ್‌ಸ್ಟ್ರಾಪ್' ಕಮಾಂಡಿಗೆ ದೊಡ್ಡ ಕೆ ಆಯ್ಕೆ, ಎಂಎನ್‌ಟಿ, ಆಮೇಲೆ ಈ ಹೆಸರುಗಳು: ಬೇಸ್, ಲಿನಕ್ಸ್, ಲಿನಕ್ಸ್-ಫರ್ಮ್‌ವೇರ್, ನೆಟ್‌ವರ್ಕ್‌ಮ್ಯಾನೇಜರ್, ನ್ಯಾನೊ, ಸುಡೊ, ಗ್ರಬ್, ಇಎಫ್‌ಐಬೂಟ್‌ಎಂಜಿಆರ್. ಇಂಟೆಲ್ ಪ್ರೊಸೆಸರ್ ಇದ್ದರೆ ಇಂಟೆಲ್-ಯುಕೋಡ್, ಎಎಂಡಿ ಇದ್ದರೆ ಎಎಂಡಿ-ಯುಕೋಡ್. ನೆಟ್‌ವರ್ಕ್‌ಮ್ಯಾನೇಜರ್ ಮರೆಯುವವರು ಬಹಳ. ಮರೆತರೆ ಹೊಸ ಸಿಸ್ಟಮ್ ಏಳುತ್ತದೆ, ನೆಟ್ ಮಾತ್ರ ಇರುವುದಿಲ್ಲ. ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಗಾಬರಿ ಬೇಡ, ಮೊದಲನೇ ಮತ್ತು ಮೂರನೇ ಪಾರ್ಟಿಷನ್ ಮತ್ತೆ ಫಾರ್ಮ್ಯಾಟ್ ಮಾಡಿ, ಎರಡನ್ನೂ ಮೌಂಟ್ ಮಾಡಿ, ಪ್ಯಾಕ್‌ಸ್ಟ್ರಾಪ್ ಇನ್ನೊಮ್ಮೆ ಹೊಡೆಯಿರಿ.

'ಜೆನ್‌ಎಫ್‌ಎಸ್‌ಟ್ಯಾಬ್'ನಿಂದ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್ ಬರೆಸಿ, ಆಮೇಲೆ 'ಆರ್ಚ್-ಕ್ರೂಟ್ ಎಂಎನ್‌ಟಿ'. ಈಗ ನೀವು ಹೊಸ ಸಿಸ್ಟಮ್ಮಿನ ಒಳಗಿದ್ದೀರಿ.

ಟೈಮ್‌ಜೋನ್ ಪಟ್ಟಿಯಲ್ಲಿ ಬೆಂಗಳೂರು ಹುಡುಕಬೇಡಿ, ಇಲ್ಲ. ಇಡೀ ದೇಶಕ್ಕೆ ಏಷ್ಯಾ, ಕೋಲ್ಕತಾ ಒಂದೇ. ಭಾಷೆಗಳ ಪಟ್ಟಿ ಇರುವ ಲೊಕೇಲ್ ಫೈಲಿನಲ್ಲಿ ಅಮೆರಿಕನ್ ಇಂಗ್ಲಿಷಿನ ಯುಟಿಎಫ್-8 ಸಾಲು, ಕನ್ನಡದ 'ಕೆಎನ್_ಐಎನ್' ಸಾಲು, ಎರಡರ ಮುಂದಿನ ಹ್ಯಾಶ್ ತೆಗೆದು 'ಲೊಕೇಲ್-ಜೆನ್' ಹೊಡೆಯಿರಿ. ಸಿಸ್ಟಮ್ಮಿನ ಭಾಷೆ ಮಾತ್ರ ಸದ್ಯಕ್ಕೆ ಇಂಗ್ಲಿಷ್ ಇರಲಿ. ಕಪ್ಪು ಪರದೆಗೆ ಕನ್ನಡ ಅಕ್ಷರ ತೋರಿಸಲು ಬರುವುದಿಲ್ಲ, ಎರರ್ ಬಂದರೆ ಓದಲಾಗುವುದಿಲ್ಲ.

'ಪಾಸ್‌ಡಬ್ಲ್ಯುಡಿ'ಯಿಂದ ರೂಟ್, ಅಂದರೆ ಎಲ್ಲ ಅಧಿಕಾರವಿರುವ ಖಾತೆಗೆ ಪಾಸ್‌ವರ್ಡ್ ಇಡಿ. ಟೈಪ್ ಮಾಡುವಾಗ ಪರದೆ ಮೇಲೆ ಚುಕ್ಕೆಯೂ ಬೀಳುವುದಿಲ್ಲ, ಕೀಬೋರ್ಡ್ ಕೆಟ್ಟಿಲ್ಲ. 'ಯೂಸರ್‌ಆ್ಯಡ್'ನಲ್ಲಿ ನಿಮ್ಮ ಹೆಸರು ಸೇರಿಸಿ, ಸುಡೊ ಅಧಿಕಾರ ಪಡೆಯುವ ವೀಲ್ ಗುಂಪಿಗೆ ಹಾಕಿ, ಅದಕ್ಕೂ ಪಾಸ್‌ವರ್ಡ್ ಕೊಡಿ. 'ಎಡಿಟರ್=ನ್ಯಾನೊ ವಿಸುಡೊ' (ಎಡಿಟರ್ ಪೂರ್ತಿ ದೊಡ್ಡಕ್ಷರ) ಹೊಡೆದು ವೀಲ್ ಸಾಲಿನ ಹ್ಯಾಶ್ ತೆಗೆಯಿರಿ. 'ಸಿಸ್ಟಮ್‌ಸಿಟಿಎಲ್ ಎನೇಬಲ್ ನೆಟ್‌ವರ್ಕ್‌ಮ್ಯಾನೇಜರ್'. ಇಲ್ಲಿ ಎನ್ ಮತ್ತು ಎಂ ದೊಡ್ಡಕ್ಷರ.

ಕೊನೆಗೆ ಗ್ರಬ್. 'ಗ್ರಬ್-ಇನ್‌ಸ್ಟಾಲ್', ಆಮೇಲೆ 'ಗ್ರಬ್-ಎಂಕೆಕಾನ್ಫಿಗ್'. ಎರಡೂ ಬೇಕು. ಮೊದಲನೆಯದು ಬೂಟ್‌ಲೋಡರ್ ಕೂರಿಸುತ್ತದೆ, ಎರಡನೆಯದು ಮೆನು ಬರೆಯುತ್ತದೆ. ಎಕ್ಸಿಟ್, ರೀಬೂಟ್, ಪೆನ್‌ಡ್ರೈವ್ ಕೀಳಿ. ಲಾಗಿನ್ ಕೇಳದೆ ಬರೀ ಗ್ರಬ್ ಪರದೆಯಲ್ಲಿ ನಿಂತರೆ ಎಲ್ಲ ಹೊಸದಾಗಿ ಮಾಡಬೇಕಿಲ್ಲ. ಪೆನ್‌ಡ್ರೈವ್‌ನಿಂದ ಎದ್ದು, ಎರಡು ಮೌಂಟ್ ಮಾಡಿ, ಆರ್ಚ್-ಕ್ರೂಟ್ ಹೊಕ್ಕು, ಗ್ರಬ್‌ನ ಎರಡು ಕಮಾಂಡ್ ಮತ್ತೆ ಹೊಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಡೆಸ್ಕ್‌ಟಾಪ್, ಕನ್ನಡ

ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ. ವೈಫೈಗೆ 'ಎನ್‌ಎಂಟಿಯುಐ' ಮೆನು ಇದೆ. ಆಮೇಲೆ 'ಸುಡೊ ಪ್ಯಾಕ್‌ಮ್ಯಾನ್', ದೊಡ್ಡ ಎಸ್ ಆಯ್ಕೆ, ಜೊತೆಗೆ ಕ್ಸಾರ್ಗ್-ಸರ್ವರ್, ಎಕ್ಸ್‌ಎಫ್‌ಸಿಇ4 (ಹಗುರವಾದ ಡೆಸ್ಕ್‌ಟಾಪ್), ಲೈಟ್‌ಡಿಎಂ (ಲಾಗಿನ್ ಪರದೆ), ಲೈಟ್‌ಡಿಎಂ-ಜಿಟಿಕೆ-ಗ್ರೀಟರ್, ಫೈರ್‌ಫಾಕ್ಸ್, ನೋಟೊ-ಫಾಂಟ್ಸ್. ಕೊನೆಯದನ್ನು ಬಿಟ್ಟರೆ ಕನ್ನಡ ಸುದ್ದಿ ತಾಣ ತೆರೆದಾಗ ಬರೀ ಚೌಕಗಳು. ಲೈಟ್‌ಡಿಎಂ ಎನೇಬಲ್ ಮಾಡಿ ರೀಬೂಟ್ ಮಾಡಿದರೆ ಡೆಸ್ಕ್‌ಟಾಪ್ ಬರುತ್ತದೆ.

ಕನ್ನಡ ಟೈಪ್ ಮಾಡಲು ಬೇರೆ ಏನೂ ಹಾಕಬೇಕಿಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್‌ನಲ್ಲಿ ಲೇಔಟ್ ಸೇರಿಸುವಾಗ ಭಾರತದ ಪಟ್ಟಿಯಲ್ಲಿ ಕನ್ನಡ ಇದೆ, ಅದರ ಪಕ್ಕದಲ್ಲೇ ಕನ್ನಡ ಗಣಕ ಪರಿಷತ್ತಿನ ಕಗಪ ಕೂಡ. ನುಡಿ ರೂಢಿ ಇದ್ದವರು ಕಗಪ ಹಾಕಿಕೊಂಡರೆ ಕೈ ಬೇಗ ಕೂರುತ್ತದೆ.

ಆರ್ಚ್‌ಗೆ ಹತ್ತು, ಹನ್ನೊಂದು ಎಂಬ ಆವೃತ್ತಿಗಳಿಲ್ಲ, ಹೊಸದು ಬಂದಹಾಗೆ ಬರುತ್ತಲೇ ಇರುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಪೂರ್ತಿ ಅಪ್‌ಡೇಟ್ ಮಾಡಿ, ಮಾಡುವ ಮುಂಚೆ ಆರ್ಚ್‌ನ ಮುಖಪುಟದ ಸುದ್ದಿ ಮೇಲೆ ಒಮ್ಮೆ ಕಣ್ಣಾಡಿಸಿ. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಯಂತ್ರ ಸಿಗ್ನೇಚರ್ ಸರಿಯಿಲ್ಲ ಎಂದು ಗೊಣಗಿದರೆ, ಮೊದಲು 'ಆರ್ಚ್‌ಲಿನಕ್ಸ್-ಕೀರಿಂಗ್' ಪ್ಯಾಕೇಜ್ ಹೊಸದು ಹಾಕಿ, ಕೂಡಲೇ ಉಳಿದದ್ದನ್ನೂ ಅಪ್‌ಡೇಟ್ ಮಾಡಿ.