ಕುಳಿತುಕೊಳ್ಳುವುದರಿಂದ ಶುರು: ಕಾರಿನ ಸುರಕ್ಷತೆಯನ್ನು ನಾನು ಕಲಿತ ಬಗೆ

ನಾನು ಕಾರು ಓಡಿಸಲು ಕಲಿತು ಹದಿನಾರು ವರ್ಷಗಳಾದವು. ಅದರಲ್ಲಿ ಮೊದಲ ಒಂಬತ್ತು ವರ್ಷ, ನನ್ನನ್ನು ಕಾಪಾಡಲೆಂದು ಆ ಕಾರಿನೊಳಗೆ ಏನೇನನ್ನು ಅಳವಡಿಸಿದ್ದಾರೆ ಎಂಬುದನ್ನು ತಿಳಿಯದೆಯೇ ಓಡಿಸಿದೆ. ಒಂದು ಸಂಜೆ ಮುಂದಿದ್ದ ಲಾರಿ ತಟ್ಟನೆ ನಿಂತಿತು. ನಾನು ಬ್ರೇಕ್ ಒತ್ತಿದರೂ ಕಾರು ಪೂರ್ತಿ ನಿಲ್ಲುವ ಮೊದಲೇ ಲಾರಿಯ ಹಿಂಭಾಗಕ್ಕೆ ಬಡಿಯಿತು. ಬಡಿಯುವ ಹೊತ್ತಿಗೆ ವೇಗ ಸಾಕಷ್ಟು ತಗ್ಗಿದ್ದರಿಂದ ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳಲಿಲ್ಲ. ಸೀಟ್ ಬೆಲ್ಟ್ ಹಾಕಿದ್ದ ನನ್ನ ಹೆಗಲ ಮೇಲೆ ಒಂದು ಕೆಂಪು ಗೆರೆ ಮೂಡಿತು, ಅಷ್ಟೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದ ನನ್ನ ಅಕ್ಕನ ಮುಖ ನನ್ನ ಸೀಟಿನ ಬೆನ್ನಿಗೆ ಅಪ್ಪಳಿಸಿ ಎರಡು ಹಲ್ಲು ಮುರಿದವು, ಕೆನ್ನೆಯ ಮೂಳೆ ಬಿರುಕು ಬಿಟ್ಟಿತು. ಹೊರಡುವಾಗ ಅವಳು, "ಹಿಂದೆ ಕೂತವರೂ ಬೆಲ್ಟ್ ಹಾಕ್ಕೋಬೇಕೇನೋ?" ಎಂದು ಕೇಳಿದ್ದಳು. "ಬಿಡಕ್ಕ, ಇಲ್ಲೇ ಹತ್ತಿರ ತಾನೆ" ಎಂದು ಹೇಳಿದ್ದವನು ನಾನು.

ಅವಳು ಚೇತರಿಸಿಕೊಳ್ಳುತ್ತಿದ್ದ ವಾರಗಳಲ್ಲಿ, ಒಂಬತ್ತು ವರ್ಷ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ಕಾರಿನ ಕೈಪಿಡಿಯನ್ನು ಮೊದಲ ಪುಟದಿಂದ ಓದಿದೆ. ಕಾರಿನ ಮುಂಭಾಗ ನುಜ್ಜುಗುಜ್ಜಾದದ್ದನ್ನು ಕಂಡು ಇದೆಂಥ ತೆಳುವಾದ ತಗಡು ಎಂದು ಬೇಸರಪಟ್ಟುಕೊಂಡಿದ್ದ ನನಗೆ, ಅದು ನುಜ್ಜಾಗಬೇಕೆಂದೇ ಮಾಡಿದ ಭಾಗ ಎಂಬುದು ಆಗ ತಿಳಿಯಿತು. ಪ್ರಯಾಣಿಕರು ಕೂರುವ ಕೋಣೆ ಗಟ್ಟಿಯಾಗಿರಬೇಕು, ಅದರ ಮುಂದೆ ಮತ್ತು ಹಿಂದೆ ಇರುವ ಭಾಗಗಳು ಕ್ರಮವಾಗಿ ಕುಸಿಯಬೇಕು ಎಂಬುದು ಬೇಲಾ ಬಾರೇನಿ ಎಂಬ ಎಂಜಿನಿಯರ್ 1950ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ವಿಚಾರ. ಇದರ ಲೆಕ್ಕವನ್ನು ನಾನೇ ಕಾಗದದ ಮೇಲೆ ಮಾಡಿ ನೋಡಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ ಕೆಳಗೆ ಬಿದ್ದಂತೆ. ಆ ವೇಗ ಅರ್ಧ ಮೀಟರ್ ದೂರದಲ್ಲಿ ಕರಗಿದರೆ ದೇಹದ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು ಇಪ್ಪತ್ತು ಪಟ್ಟು. ಅದೇ ವೇಗ 5 ಸೆಂ.ಮೀ.ನಲ್ಲಿ ನಿಂತುಬಿಟ್ಟರೆ ಇನ್ನೂರು ಪಟ್ಟು. ಮೊದಲನೆಯದನ್ನು ತಾಳಿಕೊಂಡು ಬದುಕಬಹುದು, ಎರಡನೆಯದನ್ನು ತಾಳುವುದು ಕಷ್ಟ. ಆದರೆ ಕುಸಿಯುವ ಮುಂಭಾಗ ಗಳಿಸಿಕೊಟ್ಟ ಆ ಅರ್ಧ ಮೀಟರಿನ ಪ್ರಯೋಜನ ಸಿಗುವುದು ಕಾರಿಗೆ ಕಟ್ಟಿಕೊಂಡು ಕುಳಿತವರಿಗೆ ಮಾತ್ರ. ಕಟ್ಟಿಕೊಳ್ಳದವರು ಕಾರು ನಿಲ್ಲುತ್ತಿರುವಾಗಲೂ ಹಳೆಯ ವೇಗದಲ್ಲೇ ಮುಂದೆ ಸಾಗಿ, ಎದುರಿಗೆ ಸಿಕ್ಕ ವಸ್ತುವಿಗೆ ಬಡಿದು, ಕೆಲವೇ ಸೆಂಟಿಮೀಟರುಗಳಲ್ಲಿ ನಿಲ್ಲುತ್ತಾರೆ. ಅಕ್ಕನಿಗೆ ಆದದ್ದು ಇದೇ.

ಅಲ್ಲಿಂದ ಮುಂದೆ ನಾನು ಕಲಿತದ್ದೆಲ್ಲ ಒಂದೇ ತಿಳಿವಳಿಕೆಯ ವಿಸ್ತರಣೆ. ಕಾರಿನ ರಕ್ಷಣಾ ಸಾಧನಗಳೆಲ್ಲ ಒಬ್ಬ ಮನುಷ್ಯ ಇಂಥ ಜಾಗದಲ್ಲಿ, ಇಂಥ ಭಂಗಿಯಲ್ಲಿ, ಬೆಲ್ಟ್ ಹಾಕಿಕೊಂಡು ಕುಳಿತಿರುತ್ತಾನೆ ಎಂಬ ಎಣಿಕೆಯ ಮೇಲೆ ರೂಪುಗೊಂಡಿವೆ. ಆ ಎಣಿಕೆಗೆ ತಕ್ಕಂತೆ ನಾವು ಕುಳಿತಿಲ್ಲವಾದರೆ ಅವು ಅರ್ಧ ಕೆಲಸ ಮಾಡುತ್ತವೆ, ಕೆಲವೊಮ್ಮೆ ನಮ್ಮನ್ನೇ ಗಾಯಗೊಳಿಸುತ್ತವೆ.

ಆದ್ದರಿಂದ ನಾನು ಮೊದಲು ಸರಿಪಡಿಸಿದ್ದು ಸೀಟನ್ನು. ನಿಲ್ಲಿಸಿದ ಕಾರಿನಲ್ಲಿ ಅಳತೆಯ ಟೇಪ್ ಹಿಡಿದು ಕುಳಿತೆ. ಬೆನ್ನು ಮತ್ತು ಸೊಂಟ ಸೀಟಿಗೆ ಪೂರ್ತಿ ತಾಗಿರುವಂತೆ ಕುಳಿತು, ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇರುವಷ್ಟು ಸೀಟನ್ನು ಹಿಂದೆ ಮುಂದೆ ಸರಿಸಿದೆ; ಬ್ರೇಕಿಗೆ ಪೂರ್ಣ ಬಲ ಹಾಕಲು ಈ ಬಾಗು ಬೇಕು. ಬೆನ್ನನ್ನು ಸೀಟಿನಿಂದ ಎತ್ತದೆ ತೋಳು ಚಾಚಿದರೆ ಮಣಿಕಟ್ಟು ಸ್ಟಿಯರಿಂಗ್ ಚಕ್ರದ ಮೇಲಂಚಿನ ಮೇಲೆ ಕೂರಬೇಕು, ಹಾಗೆಯೇ ಎದೆಗೂ ಚಕ್ರದ ನಡುವಿಗೂ ಕನಿಷ್ಠ 25 ಸೆಂ.ಮೀ. ಅಂತರ ಉಳಿಯಬೇಕು. ನಾನು ಅಳೆದಾಗ ಸಿಕ್ಕಿದ್ದು 18 ಸೆಂ.ಮೀ. ಮುಂದಿನ ಅಂಚು ಚೆನ್ನಾಗಿ ಕಾಣಲೆಂದು ನಾನು ಚಕ್ರವನ್ನು ಅಪ್ಪಿಕೊಂಡಂತೆ ಕೂರುತ್ತಿದ್ದೆ. ಸೀಟನ್ನು ಎತ್ತರಿಸಿ ಹಿಂದೆ ಸರಿಸಿದ ಮೇಲೆ ದಾರಿಯೂ ಕಂಡಿತು, ಅಂತರವೂ ಸಿಕ್ಕಿತು.

ಹೆಡ್‌ರೆಸ್ಟ್ ಎಂಬುದು ತಲೆಯೊರಗಿಸಿ ವಿಶ್ರಮಿಸುವ ದಿಂಬು ಎಂದು ತಿಳಿದಿದ್ದೆ. ಹಿಂದಿನಿಂದ ಯಾರಾದರೂ ಗುದ್ದಿದಾಗ ಸೀಟು ದೇಹವನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಹಿಂದೆಯೇ ಉಳಿಯುತ್ತದೆ, ಕುತ್ತಿಗೆ ಚಾಟಿಯಂತೆ ಬಾಗುತ್ತದೆ. ಅದನ್ನು ತಡೆಯುವುದೇ ಅದರ ಕೆಲಸ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು, ತಲೆಗೆ ಸಾಧ್ಯವಾದಷ್ಟು ಹತ್ತಿರ ಇರಬೇಕು. ನನ್ನದು ಕುತ್ತಿಗೆಯ ಮಟ್ಟದಲ್ಲಿತ್ತು. ಅಷ್ಟು ತಗ್ಗಿದ ಹೆಡ್‌ರೆಸ್ಟ್ ಸನ್ನೆಗೋಲಿನ ಆಸರೆಯಂತೆ ಕುತ್ತಿಗೆಯ ಪೆಟ್ಟನ್ನು ಹೆಚ್ಚಿಸಬಲ್ಲದು.

ಬೆಲ್ಟಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು. ನಾವು ಇಂದು ಬಳಸುವ ಮೂರು ಬಿಂದುಗಳ ಬೆಲ್ಟನ್ನು ವೋಲ್ವೋ ಕಂಪನಿಯ ನಿಲ್ಸ್ ಬೊಹ್ಲಿನ್ ರೂಪಿಸಿ 1959ರಲ್ಲಿ ಕಾರುಗಳಿಗೆ ತಂದರು. ಆ ಕಂಪನಿ ಪೇಟೆಂಟನ್ನು ಇತರ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಅದರ ಜಾಣ್ಮೆಯಿರುವುದು ಬಲವನ್ನು ಗಟ್ಟಿ ಮೂಳೆಗಳ ಮೇಲೆ ಹಂಚುವುದರಲ್ಲಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಅದಕ್ಕಿಂತ ಕೆಳಗೆ, ಸೊಂಟದ ಮೂಳೆಗಳ ಮೇಲೆ ಬಿಗಿಯಾಗಿ ಕೂರಬೇಕು. ಮೇಲಿನ ಪಟ್ಟಿ ಕುತ್ತಿಗೆಗೂ ತೋಳಿಗೂ ನಡುವೆ ಹೆಗಲನ್ನು ದಾಟಿ ಎದೆಯ ಮಧ್ಯದಿಂದ ಇಳಿಯಬೇಕು. ಗರ್ಭಿಣಿಯರಿಗೂ ಇದೇ ಕ್ರಮ: ಕೆಳಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ಮೇಲ್ಪಟ್ಟಿ ಎದೆಯ ನಡುವೆ. ಪಟ್ಟಿಯನ್ನು ಕಂಕುಳ ಕೆಳಗೆ ಹಾಯಿಸಿಕೊಳ್ಳುವುದು, ದಪ್ಪ ಉಡುಪಿನ ಮೇಲೆ ಸಡಿಲವಾಗಿ ಬಿಡುವುದು, ಸೀಟನ್ನು ಹಾಸಿಗೆಯಂತೆ ಒರಗಿಸಿ ಮಲಗುವುದು, ಇವೆಲ್ಲವೂ ಡಿಕ್ಕಿಯ ಕ್ಷಣದಲ್ಲಿ ದೇಹ ಬೆಲ್ಟಿನಡಿ ಜಾರಿ ಪಟ್ಟಿ ಹೊಟ್ಟೆಯ ಅಥವಾ ಪಕ್ಕೆಲುಬಿನ ಮೇಲೆ ಒತ್ತುವಂತೆ ಮಾಡುತ್ತವೆ. ಉದ್ದದ ಪ್ರಯಾಣದಲ್ಲಿ ಪಕ್ಕದ ಸೀಟಿನವರು ಒರಗಿ ಮಲಗಲು ಬಯಸಿದರೆ, ಕಾರು ಚಲಿಸುತ್ತಿರುವಾಗ ಬೇಡವೆಂದು ನಾನು ಈಗ ಸಂಕೋಚವಿಲ್ಲದೆ ಹೇಳುತ್ತೇನೆ.

ಬೆಲ್ಟ್ ಹಾಕಿದ ಮೇಲೆ ಒಮ್ಮೆ ಮೇಲಿನ ಪಟ್ಟಿಯನ್ನು ಎಳೆದು ಕೆಳಪಟ್ಟಿಯ ಸಡಿಲ ತೆಗೆಯುತ್ತೇನೆ. ಈಗಿನ ಅನೇಕ ಕಾರುಗಳಲ್ಲಿ ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಸರಕ್ಕನೆ ಬಿಗಿಯುವ ಪ್ರಿಟೆನ್ಷನರ್ ಇರುತ್ತದೆ. ಆ ಬಳಿಕ ಎದೆಯ ಮೇಲಿನ ಒತ್ತಡ ಮಿತಿ ಮೀರದಂತೆ ಪಟ್ಟಿಯನ್ನು ತುಸು ತುಸುವೇ ಬಿಡುವ ಏರ್ಪಾಡೂ ಇರುತ್ತದೆ. ಬೆಲ್ಟ್ ಹೀಗೆ ದೇಹವನ್ನು ಹಿಡಿದಿರುವಾಗಲೇ ಏರ್‌ಬ್ಯಾಗ್ ತುಂಬಿ ತಲೆಗೂ ಎದೆಗೂ ಆಸರೆಯಾಗಬೇಕು. ಡಿಕ್ಕಿಯಾದ ಸುಮಾರು 50 ಮಿಲಿಸೆಕೆಂಡುಗಳೊಳಗೆ ಆ ಚೀಲ ತುಂಬಿರುತ್ತದೆ. ಕಣ್ಣು ರೆಪ್ಪೆ ಮಿಟುಕಿಸಲು ಅದಕ್ಕಿಂತ ಹೆಚ್ಚು ಸಮಯ ಬೇಕು. ಅಷ್ಟು ವೇಗದಲ್ಲಿ ಹೊರಬರುವ ವಸ್ತು ಮೃದುವಾಗಿರಲು ಸಾಧ್ಯವಿಲ್ಲ. ತುಂಬಿದ ಚೀಲಕ್ಕೆ ಒರಗುವುದು ರಕ್ಷಣೆ, ತುಂಬುತ್ತಿರುವ ಚೀಲದ ದಾರಿಯಲ್ಲಿ ಇರುವುದು ಅಪಾಯ. 25 ಸೆಂ.ಮೀ. ಅಂತರದ ಕಾರಣ ಇದು. ಸ್ಟಿಯರಿಂಗ್ ಮೇಲೆ ಬರೆದಿರುವ 'ಎಸ್‌ಆರ್‌ಎಸ್' ಎಂಬ ಅಕ್ಷರಗಳಲ್ಲಿ ಮೊದಲನೆಯದರ ಅರ್ಥ 'ಪೂರಕ' ಎಂದು ತಿಳಿದ ದಿನ, ಏರ್‌ಬ್ಯಾಗ್ ಇದೆಯಲ್ಲ, ಬೆಲ್ಟ್ ಯಾಕೆ ಎಂದು ಕೇಳುವವರಿಗೆ ಕೊಡಬೇಕಾದ ಉತ್ತರ ನನಗೆ ಸಿಕ್ಕಿತು.

ಇದನ್ನು ತಿಳಿದ ಮೇಲೆ ಕಾರಿನೊಳಗಿನ ಕೆಲವು ವಸ್ತುಗಳನ್ನು ಹೊರಗೆ ಹಾಕಿದೆ. ಪಕ್ಕದ ಸೀಟಿನೆದುರು ಡ್ಯಾಷ್‌ಬೋರ್ಡಿನ ಮೇಲೆ ಅಂಟಿಸಿದ್ದ ಸುಗಂಧದ ಗಾಜಿನ ಬಾಟಲಿ ಏರ್‌ಬ್ಯಾಗ್ ಮುಚ್ಚಳದ ಮೇಲೆಯೇ ಇತ್ತು. ಸೀಟಿಗೆ ಹೊದಿಸಿದ್ದ ದಪ್ಪ ಕವರ್, ಸೀಟಿನ ಪಕ್ಕದಿಂದ ಹೊರಬರುವ ಏರ್‌ಬ್ಯಾಗಿನ ಹೊಲಿಗೆಯನ್ನು ಪೂರ್ತಿ ಮುಚ್ಚಿತ್ತು. ಹಿಂದಿನ ಗಾಜಿನ ಕೆಳಗೆ ಇಡುತ್ತಿದ್ದ ಛತ್ರಿ, ನೀರಿನ ಬಾಟಲಿಗಳು ಡಿಕ್ಕಿಯಾದಾಗ ಕಾರಿನ ವೇಗದಲ್ಲೇ ಮುಂದಕ್ಕೆ ಹಾರುವ ವಸ್ತುಗಳು. ಅವೆಲ್ಲ ಕಾರಿನ ಹಿಂಬದಿಯ ಸಾಮಾನು ಪೆಟ್ಟಿಗೆಯೊಳಗೆ ಹೋದವು. ಕೈಗಳನ್ನು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಇಡುವ ಅಭ್ಯಾಸ ಮಾಡಿಕೊಂಡೆ. ಪಕ್ಕದಲ್ಲಿ ಕುಳಿತವರು ಡ್ಯಾಷ್‌ಬೋರ್ಡಿನ ಮೇಲೆ ಕಾಲು ಚಾಚಿದರೆ ಕಾರನ್ನು ಬದಿಗೆ ನಿಲ್ಲಿಸುತ್ತೇನೆ.

ಆಗ ನನ್ನ ಮಗನಿಗೆ ಒಂದು ವರ್ಷ. ಅವನನ್ನು ಮಡಿಲಲ್ಲಿ ಕೂರಿಸಿಕೊಂಡರೆ ಕ್ಷೇಮ ಎಂಬ ನಂಬಿಕೆ ನಮ್ಮ ಮನೆಯಲ್ಲಿತ್ತು. ಇಪ್ಪತ್ತು ಪಟ್ಟು ಬಲದ ಲೆಕ್ಕವನ್ನು ಹತ್ತು ಕಿಲೋ ತೂಗುವ ಮಗುವಿಗೆ ಹಾಕಿದರೆ ತೋಳುಗಳು ತಡೆಯಬೇಕಾದದ್ದು ಇನ್ನೂರು ಕಿಲೋ ಭಾರ. ಯಾವ ತಾಯಿಯ ತೋಳಿಗೂ ಅದು ಆಗದು. ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿಗೆಂದೇ ಕಾರಿನಲ್ಲಿ ಅಳವಡಿಸಿರುವ ಐಸೊಫಿಕ್ಸ್ ಎಂಬ ಕೊಂಡಿಗಳಿಗೆ ಸಿಕ್ಕಿಸುವ, ಮಗುವಿನ ಮುಖ ಕಾರಿನ ಹಿಂಭಾಗಕ್ಕಿರುವ ಸೀಟನ್ನು ಅಳವಡಿಸಿದೆ. ಚಿಕ್ಕ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆ ಎಳೆಯದು. ಹಿಂದಕ್ಕೆ ಮುಖ ಮಾಡಿ ಕುಳಿತರೆ ಎದುರಿನ ಡಿಕ್ಕಿಯ ಬಲವನ್ನು ಸೀಟಿನ ಬೆನ್ನು ತಲೆ, ಕುತ್ತಿಗೆ, ಬೆನ್ನುಗಳಿಗೆ ಒಟ್ಟಾಗಿ ಹಂಚುತ್ತದೆ. ಇಂಥ ಸೀಟನ್ನು ಕೆಲಸ ಮಾಡುತ್ತಿರುವ ಏರ್‌ಬ್ಯಾಗ್ ಎದುರು ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು. ಚೀಲ ತುಂಬುವ ರಭಸ ನೇರವಾಗಿ ಮಗುವಿನ ತಲೆಯ ಹಿಂದೆ ಬೀಳುತ್ತದೆ.

ಬ್ರೇಕಿನ ಪಾಠವನ್ನು ಓದಿ ಕಲಿಯಲು ಆಗಲಿಲ್ಲ. ನನ್ನ ಡಿಕ್ಕಿಯ ಸಂಜೆ ಬ್ರೇಕ್ ಪೆಡಲ್ ಕಾಲಡಿಯಲ್ಲಿ ದಡದಡನೆ ಅದುರಿತ್ತು, ಏನೋ ಮುರಿಯಿತೆಂದು ನಾನು ಕಾಲನ್ನು ಅರೆಕ್ಷಣ ಸಡಿಲಿಸಿದ್ದೆ. ಆ ಅದುರುವಿಕೆಯೇ, ಬ್ರೇಕ್ ಒತ್ತಿದಾಗ ಚಕ್ರಗಳು ಸ್ತಬ್ಧವಾಗದಂತೆ ತಡೆಯುವ ಎಬಿಎಸ್ ಎಂಬ ವ್ಯವಸ್ಥೆ ಕೆಲಸ ಮಾಡುತ್ತಿರುವ ಗುರುತು. ಚಕ್ರ ಸ್ತಬ್ಧವಾಗಿ ಜಾರತೊಡಗಿದರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ. ಎಬಿಎಸ್ ಪ್ರತಿ ಚಕ್ರದ ವೇಗವನ್ನು ಗಮನಿಸುತ್ತ, ಅದು ಸ್ತಬ್ಧವಾಗುವ ಹಂತದಲ್ಲಿ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. ಬೇಗ ನಿಲ್ಲಿಸುವುದಕ್ಕಿಂತ, ನಿಲ್ಲಿಸುತ್ತಲೇ ಅಡ್ಡಿಯನ್ನು ಬಳಸಿ ಹೋಗಲು ಬಿಡುವುದು ಅದರ ದೊಡ್ಡ ಉಪಕಾರ; ಸಡಿಲ ಜಲ್ಲಿಯ ಮೇಲಂತೂ ಅದರಿಂದ ನಿಲ್ಲುವ ದೂರ ಹೆಚ್ಚಲೂಬಹುದು. ಪರಿಚಿತ ಚಾಲನಾ ಶಿಕ್ಷಕರೊಬ್ಬರನ್ನು ಕರೆದುಕೊಂಡು ಖಾಲಿ ಮೈದಾನಕ್ಕೆ ಹೋಗಿ, ಅವರು ಪಕ್ಕದಲ್ಲಿ ಕುಳಿತಿರಲು, 40 ಕಿ.ಮೀ. ವೇಗದಿಂದ ಹತ್ತು ಹದಿನೈದು ಬಾರಿ ಪೂರ್ಣ ಬಲದಿಂದ ಬ್ರೇಕ್ ಒತ್ತಿದೆ. ಮೊದಲ ನಾಲ್ಕು ಬಾರಿ ಪೆಡಲ್ ಅದುರಿದೊಡನೆ ನನ್ನ ಕಾಲು ತಾನಾಗಿ ಹಿಂದೆ ಸರಿಯಿತು. "ಬಿಡಬೇಡಿ, ಒತ್ತಿಯೇ ಇರಿ, ಕಣ್ಣು ಹೋಗಬೇಕಾದ ಕಡೆ ಇರಲಿ" ಎಂದು ಅವರು ಮತ್ತೆ ಮತ್ತೆ ಹೇಳಿದರು. ಐದನೆಯ ಬಾರಿ ಕಾಲು ನಿಂತಿತು. ಏಳನೆಯ ಬಾರಿ, ಒತ್ತಿಹಿಡಿದೇ ಪ್ಲಾಸ್ಟಿಕ್ ಡಬ್ಬವೊಂದನ್ನು ಬಳಸಿ ಹೋದೆ. ಕಾರು ಓಡಿಸುವ ಪ್ರತಿಯೊಬ್ಬರಿಗೂ ಇಂಥ ಒಂದು ಮಧ್ಯಾಹ್ನ ಸಿಗಬೇಕೆಂದು ನಾನು ಬಯಸುತ್ತೇನೆ.

ಎಬಿಎಸ್ ಆಗಲಿ, ತಿರುವಿನಲ್ಲಿ ಕಾರು ಅಡ್ಡ ಜಾರತೊಡಗಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ಇಎಸ್‌ಪಿ ಆಗಲಿ, ಟೈರಿನ ಹಿಡಿತ ಇದ್ದಷ್ಟನ್ನೇ ಬಳಸಬಲ್ಲವು, ಇಲ್ಲದ್ದನ್ನು ಸೃಷ್ಟಿಸಲಾರವು. ಪ್ರತಿ ಟೈರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಒಂದು ಅಂಗೈಯಗಲದಲ್ಲಿ. ತಿಂಗಳಿಗೆ ಎರಡು ಬಾರಿ, ಕಾರು ಓಡುವ ಮೊದಲು ಟೈರು ತಣ್ಣಗಿರುವಾಗ, ಸ್ಟೆಪ್ನಿಯೂ ಸೇರಿದಂತೆ ಗಾಳಿಯ ಒತ್ತಡ ನೋಡುತ್ತೇನೆ. ಎಷ್ಟಿರಬೇಕೆಂಬ ಅಂಕಿ ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಕಾಲುವೆಗಳ ಆಳಕ್ಕೆ ಅನೇಕ ದೇಶಗಳ ಕಾನೂನು ಇಟ್ಟಿರುವ ಕನಿಷ್ಠ ಮಿತಿ 1.6 ಮಿ.ಮೀ., ಆದರೆ ಮಳೆಯ ನೀರನ್ನು ಹೊರಹಾಕುವ ಶಕ್ತಿ ಅದಕ್ಕೂ ಮೊದಲೇ ಕುಗ್ಗುವುದರಿಂದ ನಾನು 3 ಮಿ.ಮೀ.ಗೇ ಬದಲಿಸುತ್ತೇನೆ. ಟೈರಿನ ಪಕ್ಕದ ನಾಲ್ಕು ಅಂಕಿಗಳ ಗುರುತು ಅದರ ವಯಸ್ಸನ್ನು ಹೇಳುತ್ತದೆ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು.

ವೇಗದ ಬಗ್ಗೆ ನನ್ನ ಮನಸ್ಸನ್ನು ಬದಲಿಸಿದ್ದು ಒಂದು ಸರಳ ಲೆಕ್ಕ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದೇ ಬಗೆಯ ಎರಡು ಕಾರುಗಳು, ಒಂದು 80 ಕಿ.ಮೀ. ಮತ್ತೊಂದು 100 ಕಿ.ಮೀ. ವೇಗದಲ್ಲಿ ಅಕ್ಕಪಕ್ಕ ಬರುತ್ತಿರುವಾಗ, ಒಂದೇ ಬಿಂದುವಿನಲ್ಲಿ ಒಂದೇ ಬಲದಿಂದ ಬ್ರೇಕ್ ಹಿಡಿದವು ಎನ್ನೋಣ. ಮೊದಲನೆಯದು ಅಡ್ಡಿಯ ಅಂಚಿನಲ್ಲಿ ಸರಿಯಾಗಿ ನಿಂತರೆ, ಎರಡನೆಯದು ಅದೇ ಜಾಗವನ್ನು ಇನ್ನೂ 60 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ಇದನ್ನು ಬಿಡಿಸಿದ ದಿನ ಉತ್ತರ ತಪ್ಪಿರಬೇಕೆಂದು ಮೂರು ಸಲ ಪರಿಶೀಲಿಸಿದೆ. ಇದರ ಮೇಲೆ, ಕಣ್ಣು ಕಂಡದ್ದಕ್ಕೆ ಕಾಲು ಸ್ಪಂದಿಸಲು ಒಂದು ಸೆಕೆಂಡ್ ಹಿಡಿದರೂ 100 ಕಿ.ಮೀ. ವೇಗದಲ್ಲಿ ಕಾರು 28 ಮೀಟರ್ ಸಾಗಿರುತ್ತದೆ. ಈಗ ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನಾನು ಅಲ್ಲಿಗೆ ತಲುಪಲು ಕನಿಷ್ಠ ಎರಡು ಸೆಕೆಂಡ್ ಆಗಬೇಕು, ಮಳೆಯಲ್ಲಿ ನಾಲ್ಕು. ಆ ಜಾಗಕ್ಕೆ ಬೇರೆಯವರು ನುಗ್ಗಿದರೆ ಮತ್ತೆ ಹಿಂದೆ ಸರಿದು ಎಣಿಸುತ್ತೇನೆ.

ಕಾರಿನ ರಿಪೇರಿ ಮುಗಿದಾಗ ಗ್ಯಾರೇಜಿನವರು ಬೆಲ್ಟ್ ನೋಡಲು ಚೆನ್ನಾಗಿದೆ, ಬದಲಿಸಬೇಕಿಲ್ಲ ಎಂದರು. ಡಿಕ್ಕಿಯಲ್ಲಿ ಭಾರ ಹೊತ್ತ ಬೆಲ್ಟನ್ನು ಬದಲಿಸಬೇಕೆಂದು ನನ್ನ ಕೈಪಿಡಿ ಹೇಳಿತ್ತು. ಆ ಪುಟವನ್ನು ತೋರಿಸಿ ಹಾಕಿಸಿಕೊಂಡೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರುವುದನ್ನು ನೋಡಿಯೇ ಹೊರಡುತ್ತೇನೆ. ಅದು ಆರದೆ ಉಳಿದರೂ, ಹೊತ್ತದೆಯೇ ಇದ್ದರೂ, ಆ ವ್ಯವಸ್ಥೆಯಲ್ಲಿ ದೋಷವಿದೆ ಎಂದರ್ಥ.

ಅಕ್ಕನ ಮಗಳಿಗೆ ಈಗ ಹದಿನೆಂಟು. ಕಳೆದ ತಿಂಗಳು ಅವಳಿಗೆ ಕಾರು ಕಲಿಸಲು ಆರಂಭಿಸಿದೆ. ಮೊದಲ ದಿನ ಎಂಜಿನ್ ಚಾಲೂ ಮಾಡಲಿಲ್ಲ. ಸೀಟು, ಹೆಡ್‌ರೆಸ್ಟ್, ಕನ್ನಡಿಗಳು, ಬೆಲ್ಟಿನ ಎರಡು ಪಟ್ಟಿಗಳು, ಎದೆಗೂ ಚಕ್ರಕ್ಕೂ ನಡುವಿನ ಟೇಪಿನ ಅಳತೆ, ಇಷ್ಟಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. "ಮಾಮ, ಇವತ್ತು ಗಾಡಿ ಓಡಿಸೋದೇ ಇಲ್ವಾ?" ಎಂದು ಅವಳು ಕೇಳಿದಳು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅಕ್ಕ, ತನ್ನ ಬೆಲ್ಟನ್ನು ಎಳೆದು ಕೊಂಡಿಗೆ ಸಿಕ್ಕಿಸುತ್ತ, "ಮಾಮ ಹೇಳೋದನ್ನ ಪೂರ್ತಿ ಕೇಳು" ಎಂದಳು.