ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ಚೀಟಿ ಕೊಟ್ಟು ಕಲಿಸಿದೆ: ನನ್ನ ಅನುಭವ

ಕಂಪ್ಯೂಟರ್‌ನಲ್ಲಿ ಮಾಹಿತಿ ಜೋಡಿಸಿಡುವ ರೀತಿ ಕಲಿಸುವ, ಮೂರನೇ ಸೆಮಿಸ್ಟರ್‌ನ ಈ ಲ್ಯಾಬ್ ತೆಗೆದುಕೊಂಡವರಿಗೆ ಗೊತ್ತೇ ಇದೆ. ಪ್ರೋಗ್ರಾಂ ಬಾಯಿಪಾಠ ಆಗಿರುತ್ತದೆ, ರೆಕಾರ್ಡ್ ನೀಟಾಗಿರುತ್ತದೆ, ವೈವಾದಲ್ಲಿ ಒಂದು ಸಾಲು ತೋರಿಸಿ ಇದು ಯಾಕೆ ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ. ಬೋರ್ಡ್ ಮೇಲೆ ಬಾಣ ಬರೆದು ಬರೆದು ನನಗೂ ಸಾಕಾಗಿತ್ತು.

ಆಗ ಪ್ರೋಗ್ರಾಂ ಪ್ರಿಂಟ್ ತೆಗೆದು, ಒಂದೊಂದೇ ಸಾಲು ಕತ್ತರಿಸಿ, ಕವರ್‌ಗೆ ಹಾಕಿ ಜೋಡಿಸಲು ಕೊಟ್ಟೆ. ಪಾರ್ಸನ್ಸ್ ಪ್ರಾಬ್ಲಮ್ ಅಂತಾರಲ್ಲ, 2006ರಲ್ಲಿ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ ಬರೆದದ್ದು, ಅದೇ. "ಎಲ್‌ಕೆಜಿ ಆಟ ಆಯ್ತಲ್ಲ ಮೇಡಂ, ಸಿಲಬಸ್ ಯಾವಾಗ ಮುಗಿಸ್ತೀರಿ?" ಅಂದರು ಸ್ಟಾಫ್ ರೂಮಿನಲ್ಲಿ.

ಮೊದಲ ಸಲ ಪೂರ್ತಿ ಕೈಕೊಟ್ಟಿತು. ಇಂಡೆಂಟ್, ಅಂದರೆ ಸಾಲಿನ ಶುರುವಿನ ಖಾಲಿ ಜಾಗ, ಹಾಗೇ ಬಿಟ್ಟಿದ್ದೆ, ಹುಡುಗರು ಅರ್ಥ ಮಾಡಿಕೊಳ್ಳದೆ ಸುಮ್ನೆ ಅಂಚು ನೋಡಿಕೊಂಡು ಹತ್ತು ನಿಮಿಷಕ್ಕೆ ಮುಗಿಸಿದರು. ಎರಡನೇ ಸಲ ಫ್ಯಾನ್ ಗಾಳಿಗೆ ಚೀಟಿ ಹಾರಿ ನಾಲ್ಕು ಕವರ್ ಬೆರೆತುಹೋಯಿತು. ಲ್ಯಾಮಿನೇಷನ್ ಮಾಡಿಸಿದೆ, ಸಾವಿರದ ಇನ್ನೂರೋ ಮುನ್ನೂರೋ ಕೈಯಿಂದ ಹೋಯಿತು, ಬಿಲ್ ಪಾಸಾಗಲಿಲ್ಲ. ಈಗ ಹಳೇ ಮದುವೆ ಕಾರ್ಡ್ ಕತ್ತರಿಸಿ ಅಂಟಿಸುತ್ತೇನೆ. ಗಟ್ಟಿ ಇರುತ್ತದೆ, ಖರ್ಚು ಬರೀ ಗೋಂದಿನದು.

ಕೆಲಸ ಮಾಡಿದ್ದು ತಪ್ಪು ಸಾಲುಗಳನ್ನೂ ಸೇರಿಸಿದ ಮೇಲೆ. ಯಾವ ತಪ್ಪು, ಎಷ್ಟು ಅನ್ನುವುದೇ ನನ್ನ ಗುಟ್ಟು, ಅದನ್ನು ಇಲ್ಲಿ ಹೇಳುವುದಿಲ್ಲ. ಹುಡುಗರು ಬರೆದ ಹಳೇ ಇಂಟರ್ನಲ್ಸ್ ಪೇಪರ್ ತಿರುವಿ ಹಾಕಿ, ಸಿಗುತ್ತದೆ. ಲಿಂಕ್ಡ್ ಲಿಸ್ಟ್ ಅಂದರೆ ಡೇಟಾದ ಸರಪಳಿ, ಒಂದೊಂದು ಕೊಂಡಿಯೂ ಒಂದು ನೋಡ್. ಅದರಲ್ಲಿ ನೋಡ್ ಡಿಲೀಟ್ ಮಾಡುವಾಗ ಅರ್ಧ ಕ್ಲಾಸ್ ಮೊದಲು ಫ್ರೀ ಮಾಡಿ, ಅಂದರೆ ಅದರ ಮೆಮೊರಿ ವಾಪಸ್ ಕೊಟ್ಟು, ಆಮೇಲೆ ಅದೇ ನೋಡ್‌ನ ಲಿಂಕ್ (ಮುಂದಿನ ನೋಡ್‌ನ ವಿಳಾಸ) ಓದಿತ್ತು. ನಾನು ತಿದ್ದಲಿಲ್ಲ, ಟೈಪ್ ಮಾಡಿ ರನ್ ಮಾಡಿ ಅಂದೆ. ಹಳೇ ಸಿಸ್ಟಂಗಳಲ್ಲಿ ಔಟ್‌ಪುಟ್ ಸರಿ ಬಂತು, ಹೊಸ ಉಬುಂಟು (ಆಪರೇಟಿಂಗ್ ಸಿಸ್ಟಂ) ಇದ್ದವುಗಳಲ್ಲಿ ಸೆಗ್ಮೆಂಟೇಷನ್ ಫಾಲ್ಟ್ ಅಂತ ಪ್ರೋಗ್ರಾಂ ಅಲ್ಲೇ ನಿಂತುಹೋಯಿತು! ಒಂದೇ ಪ್ರೋಗ್ರಾಂ ಅಲ್ವಾ, ಜಗಳವೇ ಶುರುವಾಯಿತು. ಜಿಸಿಸಿ ಕಂಪೈಲರ್‌ನಲ್ಲಿ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಆನ್ ಮಾಡಿ ಕಂಪೈಲ್ ಮಾಡಿಸಿದೆ, ಎರಡೂ ಕಡೆ ಅದೇ ಸಾಲನ್ನು ಹಿಡಿದು ತೋರಿಸಿತು. ಕನ್ನಡ ಮೀಡಿಯಂನಿಂದ ಬಂದ, ಅಲ್ಲಿವರೆಗೆ ಬಾಯೇ ಬಿಡದ ಹುಡುಗಿ ಕನ್ನಡದಲ್ಲೇ ಎಲ್ಲರಿಗೂ ವಿವರಿಸಿದಳು. ಅವತ್ತು ನನಗಾದ ಖುಷಿ ಹೇಳತೀರದು.

ಮೊದಲು ಅರವತ್ತರಲ್ಲಿ ಹತ್ತು ಹನ್ನೆರಡು ಜನ ನೋಡದೆ ಡಿಲೀಟ್ ಬರೆಯುತ್ತಿದ್ದರು. ಕಳೆದ ಸಲ ನಲವತ್ತಕ್ಕಿಂತ ಜಾಸ್ತಿ. ಪ್ರಶ್ನೆ ತಿರುಚಿ ಕೊಟ್ಟರೂ ಬರೆದರು. ಸಿಲಬಸ್ ಕೂಡ ಮುಗಿಯಿತು.

ಬಿಲ್ಲೆಗಳನ್ನು ಕಂಬದಿಂದ ಕಂಬಕ್ಕೆ ಸಾಗಿಸುವ ಟವರ್ ಆಫ್ ಹನೋಯ್‌ಗೆ ಇದು ನಡೆಯಲಿಲ್ಲ, ಪ್ರೋಗ್ರಾಂ ತೀರಾ ಚಿಕ್ಕದು, ಬಾಯಿಪಾಠವೂ ಆಗಿತ್ತು. ಟ್ರೀ ಟ್ರಾವರ್ಸಲ್‌ಗೆ, ಅಂದರೆ ಮರದ ಹಾಗೆ ಕವಲೊಡೆದ ಡೇಟಾವನ್ನು ಪೂರ್ತಿ ಸುತ್ತಿ ಬರುವುದಕ್ಕೆ, ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಎಡಕ್ಕೆ ಹೋಗು, ಬಲಕ್ಕೆ ಹೋಗು, ಪ್ರಿಂಟ್ ಮಾಡು, ಮೂರೇ ಚೀಟಿ. ಪ್ರಿಂಟ್ ಚೀಟಿಯನ್ನು ಮೊದಲು, ನಡುವೆ, ಕೊನೆಗೆ ಸರಿಸುತ್ತಾ ಹೋದರೆ ಪ್ರಿಆರ್ಡರ್, ಇನ್‌ಆರ್ಡರ್, ಪೋಸ್ಟ್‌ಆರ್ಡರ್ ಮೂರೂ ಬಂದುಬಿಡುತ್ತವೆ. ಹದಿನೈದು ನಿಮಿಷ ಹಿಡಿಯಿತು ಅಷ್ಟೇ.